ಹಳೇ ಗಾಡಿಗೂ ದಿನಗೂಲಿ ಉಂಟು ಸ್ವಾಮಿ!

ಬೆಳಗಿನ ಜಾವ ಐದೂವರೆ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯ ಮುಂದೆ ನಾಲ್ಕು ಜನ ಸೇರಿ ಒಂದು ಬಿಳೀ ಟಾಟಾ ಏಸ್ ಗಾಡಿಯನ್ನು ತಳ್ಳುತ್ತಿದ್ದರು. ಒಳಗೆ ಕೂತವರು ಸೆಕೆಂಡ್ ಗೇರಿಗೆ ಹಾಕಿ ಕ್ಲಚ್ ಬಿಟ್ಟರು. ಗಾಡಿ ಒಮ್ಮೆ ಕೆಮ್ಮಿತು. ಇನ್ನೊಮ್ಮೆ ಜಗ್ಗಿತು. ಮೂರನೇ ಸಲಕ್ಕೆ ಕರ್ರನೆಯ ಹೊಗೆ ಉಗುಳಿ ಸ್ಟಾರ್ಟ್ ಆಯಿತು. ಹಿಂದೆ 14 ಮೂಟೆ ಆಲೂಗಡ್ಡೆ.

ಬಸ್ಸಿಗೆ ಕಾದು ನಿಂತಿದ್ದವರಲ್ಲಿ ಒಬ್ಬರು, "ಗುಜರಿಗೆ ಹಾಕಪ್ಪಾ ಅದನ್ನ, ಪುಣ್ಯ ಬರುತ್ತೆ" ಎಂದು ನಕ್ಕರು.

ಗಾಡಿಯ ಯಜಮಾನರು ನಗಲಿಲ್ಲ. ನಗುವುದು ಹೇಗೆ? ಆ 'ಗುಜರಿ'ಯೇ ಅವರ ಮನೆ ನಡೆಸುತ್ತಿದೆ. ಇಬ್ಬರು ಮಕ್ಕಳ ಶಾಲೆ ಫೀಜು ಅದರ ಹಿಂದಿನ ತೊಟ್ಟಿಯಿಂದಲೇ ಇಳಿಯಬೇಕು. 2012ರ ಮಾಡೆಲ್ ಗಾಡಿ, 2019ರಲ್ಲಿ ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು. "ಹೆಸರು ಮಾತ್ರ ಹಾಕ್ಬೇಡಿ ಸಾರ್, ನಾಳೆ ಎಲ್ರೂ ಆಡ್ಕೋತಾರೆ" ಎಂದು ಆಮೇಲೆ ಟೀ ಅಂಗಡಿಯಲ್ಲಿ ಕೈ ಮುಗಿದರು. ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೇವೆ. ಆದರೆ ಅವರ ಕಥೆ ಮಾತ್ರ ಹೇಳಲೇಬೇಕು. ಏಕೆಂದರೆ ಇದು ಅವರೊಬ್ಬರ ಕಥೆಯಲ್ಲ.

ಅರ್ಧ ಎಂಜಿನ್ನಿನ ಆನೆಮರಿ

ನಮ್ಮ ಪೇಟೆ ಬೀದಿಗಳಲ್ಲಿ ಬೆಳಗಾದರೆ ಕಾಣುವ ಈ ಗಾಡಿ ಮೊದಲು ಮಾರುಕಟ್ಟೆಗೆ ಬಂದದ್ದು 2005ರಲ್ಲಿ. ಜನ ಇಟ್ಟ ಹೆಸರು 'ಚೋಟಾ ಹಾಥಿ', ಅಂದರೆ ಆನೆಮರಿ. ಮೊದಲ ಮಾಡೆಲಿನ ಎಂಜಿನ್ 702 ಸಿ.ಸಿ., ಎರಡೇ ಸಿಲಿಂಡರು. ಇಂಡಿಕಾ ಕಾರಿನ ನಾಲ್ಕು ಸಿಲಿಂಡರ್ ಡೀಸೆಲ್ ಎಂಜಿನ್ನನ್ನು ನಡುವೆ ಸೀಳಿ ಅರ್ಧ ತೆಗೆದುಕೊಂಡಂತೆ. ಶಕ್ತಿ 16 ಎಚ್.ಪಿ. ಹೊರಬೇಕಾದ ಭಾರ ಮುಕ್ಕಾಲು ಟನ್.

ಗಾಡಿ ಸಣ್ಣದಾದರೂ ಅದು ಮಾಡಿದ ಕೆಲಸ ಸಣ್ಣದಲ್ಲ. ಲಾರಿ ಕೊಳ್ಳಲಾರದವನು, ಲಗೇಜ್ ಆಟೋ ಸಾಲದೆಂದು ಪರದಾಡುತ್ತಿದ್ದವನು ನಾಲ್ಕು ಚಕ್ರದ ಯಜಮಾನನಾದ. ಸರಕು ಸೇರಿ ಒಟ್ಟು ತೂಕ 3,000 ಕಿಲೋ ಮೀರದ ಸರಕು ಗಾಡಿಗೆ ಮೋಟಾರು ವಾಹನ ಕಾಯ್ದೆಯ 66ನೇ ಕಲಮಿನಂತೆ ಪರ್ಮಿಟ್ಟಿನ ತಾಪತ್ರಯವೂ ಇಲ್ಲ. ಕಾರಿನ ಲೈಸೆನ್ಸ್ ಇದ್ದವರು ಇಂಥ ಸಣ್ಣ ಸರಕು ಗಾಡಿ ಓಡಿಸಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರಿನಲ್ಲಿ ಎತ್ತಿ ಹಿಡಿದಿದೆ.

ಹೀಗಾಗಿ ತರಕಾರಿ, ಹಾಲು, ಸಿಮೆಂಟು, ಗ್ಯಾಸ್ ಸಿಲಿಂಡರು, ಮದುವೆ ಮನೆ ಪಾತ್ರೆ, ಎಲ್ಲಕ್ಕೂ ಇದೇ. ಹೊಸದು ಕೊಳ್ಳಲಾಗದವರು ಹಳೆಯದಕ್ಕೆ ಕೈ ಹಾಕುತ್ತಾರೆ. ತಪ್ಪೇನಿಲ್ಲ. ತಪ್ಪು ಆಗುವುದು ಕೊಳ್ಳುವಾಗ ಕಣ್ಣು ಮುಚ್ಚಿದರೆ, ಕೊಂಡ ಮೇಲೆ ಕೈ ಕಟ್ಟಿ ಕೂತರೆ.

ಬಣ್ಣಕ್ಕೆ ಮರುಳಾದರೆ ಕೆಟ್ಟಿರಿ!

ಬಿ.ಎಂ. ರಸ್ತೆಯ ಒಂದು ಅಡ್ಡ ಗಲ್ಲಿಯಲ್ಲಿ ಹಳೆಯ ಗ್ಯಾರೇಜಿದೆ. ಅಲ್ಲಿನ ಹಿರಿಯ ಮೆಕ್ಯಾನಿಕ್ಕನ್ನು ಎಲ್ಲರೂ 'ಭಾಯ್' ಎಂದೇ ಕರೆಯುತ್ತಾರೆ. ನಮ್ಮ ಯಜಮಾನರೂ ಅವರ ಗಿರಾಕಿಯೇ. ಹಳೇ ಗಾಡಿ ಕೊಳ್ಳುವುದು ಹೇಗೆ ಭಾಯ್ ಎಂದು ಕೇಳಿದೆವು. ಕೈಯ ಗ್ರೀಸನ್ನು ಬನಿಯನ್ ಚಿಂದಿಗೆ ಒರೆಸಿಕೊಂಡು ಶುರು ಮಾಡಿದರು.

"ಮೊದ್ಲು ಬೆಳಿಗ್ಗೆ ಹೋಗಿ ಸಾಹೇಬ್ರೇ, ಅದೂ ಹೇಳ್ದೆ ಹೋಗಿ. ಮಾರೋರು ನೀವು ಬರೋಕ್ ಮುಂಚೆನೇ ಗಾಡಿ ಬಿಸಿ ಮಾಡಿಟ್ಟಿರ್ತಾರೆ. ಸೀಟ್ ಎತ್ತಿ ಎಂಜಿನ್ ಹತ್ರ ಕೈ ಇಟ್ಟು ನೋಡಿ. ತಣ್ಣಗಿರೋ ಎಂಜಿನ್ ಹೆಂಗೆ ಏಳುತ್ತೆ ಅನ್ನೋದೇ ಅದರ ಜಾತಕ."

ಎರಡನೆಯದು ಹೊಗೆ. ಬಿಸಿಯಾದ ಮೇಲೂ ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ, ಪಿಸ್ಟನ್ ರಿಂಗೋ ವಾಲ್ವ್ ಸೀಲೋ ಸವೆದಿದೆ ಎಂದರ್ಥ. ಕಪ್ಪು ಹೊಗೆಯಾದರೆ ಗಾಳಿ ಸಾಲದು ಅಥವಾ ಡೀಸೆಲ್ ಹೆಚ್ಚು. ಏರ್ ಫಿಲ್ಟರ್ ಕಟ್ಟಿರಬಹುದು, ನಾಜಲ್ ಕೆಟ್ಟಿರಬಹುದು. ಚಳಿಯ ಬೆಳಗ್ಗೆ ಒಂದೆರಡು ನಿಮಿಷ ಬಿಳಿ ಹೊಗೆ ಬಂದರೆ ಹೀಟರ್ ಪ್ಲಗ್ ನೋಡಿದರೆ ಸಾಕು. ಆದರೆ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರಿನ ನೀರೂ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಅನುಮಾನ ಪಡಿ.

ಮೂರನೆಯದು ಮುಚ್ಚಳ. ಎಂಜಿನ್ ಓಡುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ನುಗ್ಗಬಾರದು. ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು ನೋಡಿ, ನೀರಿನ ಮೇಲೆ ಎಣ್ಣೆ ತೇಲಬಾರದು. ಆಯಿಲ್ ಕಡ್ಡಿ ಎಳೆದರೆ ಹಾಲು ಬೆರೆಸಿದ ಕಾಫಿಯ ಬಣ್ಣ ಕಾಣಬಾರದು. ಕಂಡರೆ ನೀರು ಆಯಿಲಿಗೆ ಸೇರಿದೆ. ಅಲ್ಲಿಂದಲೇ ನಮಸ್ಕಾರ ಹೇಳಿ ಬನ್ನಿ.

ನಾಲ್ಕನೆಯದು ಹೊಟ್ಟೆ. ಗಾಡಿಯ ಹೊಟ್ಟೆ! ಒಂದು ಗೋಣಿಚೀಲ ಹಾಸಿ ಕೆಳಗೆ ನುಸುಳಿ. ಸ್ಪ್ರಿಂಗ್ ಪ್ಲೇಟು ಕೂರುವ ಬ್ರಾಕೆಟ್ಟಿನ ಸುತ್ತ ಚಾಸಿಸ್ ಸೀಳಿದೆಯೇ, ಹೊಸ ವೆಲ್ಡಿಂಗಿನ ಗುರುತಿದೆಯೇ, ತುಕ್ಕು ಹುಡಿಹುಡಿ ಉದುರುತ್ತದೆಯೇ? "ಎಂಜಿನ್ ಕೆಟ್ರೆ ಕಟ್ಬಹುದು, ಚಾಸಿಸ್ ಕೆಟ್ರೆ ಬೆನ್ನುಮೂಳೆ ಮುರ್ದಂಗೆ" ಎಂಬುದು ಭಾಯ್ ಮಾತು. ಮುಂದಿನ ಟೈರು ಒಂದೇ ಕಡೆ ಸವೆದಿದ್ದರೆ ಅಲೈನ್‌ಮೆಂಟ್, ಕಿಂಗ್ ಪಿನ್ ಎರಡನ್ನೂ ನೋಡಿಸಬೇಕು.

ಕೊನೆಗೆ ಕಾಗದ. ಚಾಸಿಸ್ ನಂಬರು, ಎಂಜಿನ್ ನಂಬರು ಆರ್.ಸಿ.ಗೆ ತಾಳೆಯಾಗಬೇಕು. ಸಾಲ ಇದ್ದರೆ ಫೈನಾನ್ಸಿನವರ ಎನ್.ಓ.ಸಿ., ಫಾರಂ 35 ಬೇಕು. ಹೆಸರು ಬದಲಾಯಿಸಲು ಫಾರಂ 29, 30.

ಮಾರುವವರೂ ಎಚ್ಚರ! ದುಡ್ಡು ಕೈಗೆ ಬಂತೆಂದು ಸುಮ್ಮನಾಗಬೇಡಿ. ರಾಜ್ಯದ ಒಳಗೇ ಮಾರಿದರೆ 14 ದಿನದೊಳಗೆ ಆರ್.ಟಿ.ಓ. ಕಚೇರಿಗೆ ತಿಳಿಸಬೇಕು. ಗಾಡಿ ಮಾರಿದರೂ ದಾಖಲೆಯಲ್ಲಿ ನಿಮ್ಮ ಹೆಸರೇ ಉಳಿದಿದ್ದರೆ ಅಪಘಾತದ ಪರಿಹಾರ ನಿಮ್ಮ ತಲೆಗೇ ಬರುತ್ತದೆ ಎಂದು ಸುಪ್ರೀಂ ಕೋರ್ಟು 2018ರಲ್ಲಿ ಸ್ಪಷ್ಟವಾಗಿ ಹೇಳಿದೆ.

ಇನ್ನೂರೈವತ್ತರ ಪೈಪು, ಹದಿನೇಳು ಸಾವಿರದ ಬಿಲ್ಲು

ನಮ್ಮ ಯಜಮಾನರು ಕೊಂಡ ಗಾಡಿ ಕೆಟ್ಟದ್ದೇನಾಗಿರಲಿಲ್ಲ. ಮೊದಲ ಎರಡು ವರ್ಷ ಎತ್ತಿನಂತೆ ದುಡಿಯಿತು. ಆಮೇಲೊಂದು ಬೇಸಿಗೆಯಲ್ಲಿ ರೇಡಿಯೇಟರಿನ ಹೋಸ್ ಪೈಪು ಬೆವರಲು ಶುರುವಾಯಿತು. ಕ್ಲಿಪ್ಪಿನ ಹತ್ತಿರ ಒಂದೊಂದೇ ತೊಟ್ಟು. ದಿನಾ ಬೆಳಗ್ಗೆ ಒಂದು ಚೊಂಬು ನೀರು ಹಾಕಿ ಹೊರಟರು. ಹೊಸ ಪೈಪಿಗೆ ಆಗ 250 ರೂಪಾಯಿ. "ಭಾನುವಾರ ಹಾಕ್ಸೋಣ" ಎಂದುಕೊಂಡರು. ಆ ಭಾನುವಾರ ಬರಲೇ ಇಲ್ಲ.

ಬೇಲೂರು ರಸ್ತೆಯಲ್ಲಿ ಒಂದು ಮಧ್ಯಾಹ್ನ ಟೆಂಪರೇಚರ್ ಮುಳ್ಳು ಮೇಲಕ್ಕೆ ಏರಿತು. ಊರು ಇನ್ನು ಆರೇ ಕಿಲೋಮೀಟರು. ಮುಟ್ಟಿಬಿಡೋಣ ಎಂದು ಓಡಿಸಿದರು. ಊರು ಮುಟ್ಟಿತು, ಎಂಜಿನ್ ಕೆಟ್ಟಿತು. ಹೆಡ್ ಗ್ಯಾಸ್ಕೆಟ್ ಸುಟ್ಟು, ಹೆಡ್ಡು ಸೊಟ್ಟಗಾಗಿ, ಲೇತ್ ಅಂಗಡಿಯಲ್ಲಿ ಮಟ್ಟ ಹೊಡೆಸಬೇಕಾಯಿತು. ಬಿಲ್ಲು 17,000. ಒಂಬತ್ತು ದಿನ ಗಾಡಿ ಗ್ಯಾರೇಜಿನಲ್ಲಿ. ಆ ಒಂಬತ್ತು ದಿನವೂ ಬೇರೆಯವರ ಗಾಡಿಗೆ ಬಾಡಿಗೆ ಕೊಟ್ಟರು. ಇಬ್ಬರು ಖಾಯಂ ಗಿರಾಕಿಗಳು ಕೈಬಿಟ್ಟು ಹೋದರು. ಆ ನಷ್ಟ ಯಾವ ಬಿಲ್ಲಿನಲ್ಲೂ ಬರೆದಿಲ್ಲ.

ಮುಳ್ಳು ಏರಿದರೆ ಮಾಡಬೇಕಾದ್ದು ಇಷ್ಟೆ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೂರಾ ತಣ್ಣಗಾಗಲು ಬಿಡಿ. ಬಿಸಿ ಇರುವಾಗ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆ. ಬಿಸಿ ಎಂಜಿನ್ನಿನ ಮೇಲೆ ತಣ್ಣೀರು ಸುರಿದರೆ ಕಬ್ಬಿಣ ಬಿರುಕು ಬಿಡುತ್ತದೆ. ಒಂದು ಗಂಟೆ ಹೋದರೆ ಹೋಯಿತು, ಎಂಜಿನ್ ಉಳಿಯಿತು.

ಗುಂಡ್ಯದ ಹತ್ತಿರ ಆದದ್ದು

ಇಷ್ಟೇ ಆಗಿದ್ದರೆ ದುಡ್ಡಿನ ವಿಷಯ ಎಂದು ಬಿಟ್ಟುಬಿಡಬಹುದಿತ್ತು. ಮುಂದಿನದನ್ನು ಹೇಳುವಾಗ ಯಜಮಾನರ ಟೀ ಲೋಟ ಕೈಯಲ್ಲೇ ತಣ್ಣಗಾಯಿತು.

ಆಲೂಗಡ್ಡೆ ಸೀಸನ್ನು. ಮಂಗಳೂರು ಕಡೆಗೆ ಲೋಡು. 15 ಮೂಟೆ ಹಾಕಬೇಕಾದ ಗಾಡಿಗೆ 22 ಮೂಟೆ. 50 ಕಿಲೋ ಮೂಟೆಯಂತೆ ಲೆಕ್ಕ ಹಾಕಿ, 1,100 ಕಿಲೋ ಆಯಿತು. ಪಕ್ಕದ ಸೀಟಿನಲ್ಲಿ ಅಕ್ಕನ ಮಗ, ಪಿ.ಯು.ಸಿ. ರಜೆಗೆ ಬಂದ ಹುಡುಗ. ಸಕಲೇಶಪುರ ಆಯಿತು, ಮಾರನಹಳ್ಳಿ ದಾಟಿತು, ಶಿರಾಡಿ ಘಾಟಿಯ ಇಳಿಜಾರು. ಡೀಸೆಲ್ ಉಳಿಯಲಿ ಎಂದು ಅಲ್ಲಲ್ಲಿ ನ್ಯೂಟ್ರಲ್ಲಿಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು ಇಳಿಸಿದರು.

"ಮೊದ್ಲು ಪೆಡಲ್ ಮೆತ್ತಗಾಯ್ತು ಸಾರ್. ಆಮೇಲೆ ಸುಟ್ಟ ವಾಸನೆ. ಗುಂಡ್ಯ ಹತ್ರ ಬರೋ ಹೊತ್ಗೆ ಪೆಡಲ್ ನೆಲಕ್ಕೇ ಹೋಯ್ತು. ಮುಂದೆ ರಸ್ತೆ ಪಕ್ಕ ಬಸ್ಸಿಗೆ ಅಂತ ಮೂರ್ನಾಲ್ಕು ಜನ ನಿಂತಿದ್ರು. ಒಬ್ಬಾಕೆ ಕೈಲಿ ಮಗು ಇತ್ತು."

ಹಾರನ್ ಒತ್ತಿಕೊಂಡೇ, ಹೇಗೋ ಗೇರ್ ಸಿಕ್ಕಿಸಿ, ಹ್ಯಾಂಡ್ ಬ್ರೇಕ್ ಎಳೆದು, ಎಡಗಡೆಯ ಮಣ್ಣಿನ ದಿಬ್ಬಕ್ಕೆ ಗಾಡಿ ಉಜ್ಜಿಸಿ ನಿಲ್ಲಿಸಿದರು. ನಿಂತಿದ್ದವರು ಜಿಗಿದು ಓಡಿದರು. ಯಾರಿಗೂ ಏನೂ ಆಗಲಿಲ್ಲ. ಅಕ್ಕನ ಮಗ ಮಾತ್ರ ಅರ್ಧ ಗಂಟೆ ಬಾಯಿ ಬಿಡಲಿಲ್ಲ. "ಅವನಿಗೇನಾದ್ರೂ ಆಗಿದ್ರೆ ಅಕ್ಕನ ಮುಂದೆ ಯಾವ್ ಮುಖ ಇಟ್ಕೊಂಡ್ ನಿಲ್ತಿದ್ದೆ ಸಾರ್?"

ಬಿಚ್ಚಿ ನೋಡಿದರೆ ಹಿಂದಿನ ಲೈನರುಗಳು ರಿವಿಟ್ಟಿನವರೆಗೆ ಸವೆದಿದ್ದವು. ಒಂದು ವೀಲ್ ಸಿಲಿಂಡರು ಒಸರುತ್ತಿತ್ತು. ಬ್ರೇಕ್ ಆಯಿಲ್ ಕಪ್ಪಾಗಿತ್ತು. ಇದನ್ನು ಭಾಯ್ ಎರಡು ತಿಂಗಳ ಹಿಂದೆಯೇ ಹೇಳಿದ್ದರು. ಇವರು, "ಸೀಸನ್ ಮುಗೀಲಿ ಭಾಯ್" ಎಂದಿದ್ದರು.

ಓದುಗರೇ, ಹಳೇ ಗಾಡಿ ಮೋಸ ಮಾಡಲಿಲ್ಲ. ಪೈಪು ತೊಟ್ಟಿಕ್ಕಿ ಹೇಳಿತ್ತು, ಬ್ರೇಕು ಮೆತ್ತಗಾಗಿ ಹೇಳಿತ್ತು. ಕೇಳುವವರು ಇರಲಿಲ್ಲ. ಗಾಡಿಯನ್ನು ಕೆಡಿಸುವುದು ಅದರ ವಯಸ್ಸಲ್ಲ, ನಮ್ಮ 'ನಾಳೆ'.

ಇಳಿಜಾರಿನ ಪಾಠವೂ ಇಲ್ಲೇ ಇದೆ. ಏರಲು ಯಾವ ಗೇರು ಬೇಕೋ ಇಳಿಯಲೂ ಅದೇ ಗೇರು. ಆಗ ಅರ್ಧ ಭಾರ ಎಂಜಿನ್ನೇ ಹಿಡಿಯುತ್ತದೆ. ನ್ಯೂಟ್ರಲ್ಲಿನಲ್ಲಿ ಪೂರಾ ಭಾರ ಲೈನರಿನ ಮೇಲೆ ಬಿದ್ದು ಡ್ರಮ್ಮು ಕೆಂಡವಾಗುತ್ತದೆ. ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಾಯಿಸದಿದ್ದರೆ ಗಾಳಿಯ ತೇವ ಹೀರಿಕೊಳ್ಳುತ್ತದೆ. ಬಿಸಿಗೆ ಆ ತೇವ ಕುದಿದು ಗುಳ್ಳೆಯಾಗುತ್ತದೆ. ಗುಳ್ಳೆ ಒತ್ತಿದರೆ ಬ್ರೇಕು ಹಿಡಿಯುತ್ತದೆಯೇ? ಎಂಜಿನ್ ಆಫ್ ಮಾಡಿ ಇಳಿಸುವ ಮಹಾನುಭಾವರೂ ಇದ್ದಾರೆ. ಬೂಸ್ಟರ್ ಇರುವ ಗಾಡಿಗಳಲ್ಲಿ ಎಂಜಿನ್ ನಿಂತರೆ ಬ್ರೇಕಿನ ಬಲವೂ ಹೋಗುತ್ತದೆ. ನಾಲ್ಕು ರೂಪಾಯಿ ಡೀಸೆಲ್ಲಿಗೆ ಪ್ರಾಣ ಒತ್ತೆ ಇಟ್ಟಂತೆ.

ಭಾಯ್ ಹೇಳಿದ ಪಂಚಾಂಗ

ಹಾಗಾದರೆ ಮಾಡಬೇಕಾದ್ದೇನು? ಭಾಯ್ ಲೆಕ್ಕ ಸರಳ.

ದಿನಾ: ಹೊರಡುವ ಮುನ್ನ ಐದು ನಿಮಿಷ. ಆಯಿಲ್ ಕಡ್ಡಿ, ರೇಡಿಯೇಟರ್ ನೀರು, ಟೈರು, ಲೈಟು. ಬ್ರೇಕನ್ನು ಒಮ್ಮೆ ಒತ್ತಿ ನೋಡಿ. ರಾತ್ರಿ ಗಾಡಿ ನಿಂತಿದ್ದ ನೆಲ ನೋಡಿ. ನಡುವೆ ಕಪ್ಪು ಕಲೆ ಬಿದ್ದಿದ್ದರೆ ಎಂಜಿನ್ ಆಯಿಲ್. ಚಕ್ರದ ಒಳಮೈ ಒದ್ದೆಯಾಗಿದ್ದರೆ ಅವತ್ತು ಗಾಡಿ ತೆಗೆಯಲೇಬೇಡಿ.

ವಾರಕ್ಕೊಮ್ಮೆ: ಟೈರು ತಣ್ಣಗಿರುವಾಗ ಗಾಳಿ ನೋಡಿಸಿ. ವೀಲ್ ನಟ್ಟು, ಫ್ಯಾನ್ ಬೆಲ್ಟು ಪರೀಕ್ಷಿಸಿ. ಬ್ಯಾಟರಿ ಟರ್ಮಿನಲ್ಲಿನ ಮೇಲೆ ಹೂವಿನಂತೆ ಬೆಳೆಯುವ ಬಿಳಿ-ಹಸಿರು ಪುಡಿಯನ್ನು ತಂತಿ ಬಿಚ್ಚಿ ಬಿಸಿನೀರಿನಲ್ಲಿ ತೊಳೆದು ಒರೆಸಿ, ತಂತಿ ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಸವರಿ.

ತಿಂಗಳಿಗೊಮ್ಮೆ: ಗ್ರೀಸು ಹೊಡೆಸಿ. ಜಾಯಿಂಟ್ ಕ್ರಾಸ್, ಕಿಂಗ್ ಪಿನ್, ಸ್ಪ್ರಿಂಗಿನ ಕೀಲುಗಳು, ಯಾವುದನ್ನೂ ಬಿಡಬೇಡಿ. ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರು ಬಿಡಿ. ಏರ್ ಫಿಲ್ಟರಿನ ಧೂಳು ಕೊಡವಿ. ಸ್ಪ್ರಿಂಗ್ ಪ್ಲೇಟು ಮುರಿದಿದೆಯೇ, ಯು ಬೋಲ್ಟು ಸಡಿಲವೇ ನೋಡಿಸಿ. ಬ್ರೇಕ್ ಲೈನರು ಸವೆದಿರುವುದನ್ನು ಡ್ರಮ್ ಬಿಚ್ಚಿಯೇ ನೋಡಬೇಕು, ಸದ್ದು ಬರುವವರೆಗೆ ಕಾಯಬಾರದು.

ಕಿಲೋಮೀಟರಿನ ಲೆಕ್ಕ: ಎಂಜಿನ್ ಆಯಿಲ್, ಆಯಿಲ್ ಫಿಲ್ಟರ್, ಟೈಮಿಂಗ್ ಬೆಲ್ಟು. ಈ ಬೆಲ್ಟಿನ ಮೇಲೆ ವಿಶೇಷ ಗಮನ ಇರಲಿ. ಅದು ಓಡುವಾಗ ತುಂಡಾದರೆ ವಾಲ್ವು ಪಿಸ್ಟನ್ನಿಗೆ ಬಡಿದು ಎಂಜಿನ್ ಬಿಚ್ಚುವ ಕೆಲಸ ಬರುತ್ತದೆ. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಅದು ಎಂದು ಬದಲಾಯಿತೆಂದು ಯಾರೂ ನಿಜ ಹೇಳುವುದಿಲ್ಲ. ಕೊಂಡ ತಕ್ಷಣ ಬದಲಾಯಿಸಿ, ಬ್ರೇಕ್ ಆಯಿಲನ್ನೂ ಬದಲಾಯಿಸಿ, ತಾರೀಖು ಬರೆದಿಡಿ. ಒಂದು ಎರಡು ಕೊಯರ್ ನೋಟ್ ಪುಸ್ತಕ ಸಾಕು.

ಇನ್ನು ಸ್ಪೇರ್ ಪಾರ್ಟ್ಸು. ಕನ್ನಡಿ, ಬಾಗಿಲು, ಬಂಪರು, ಸೀಟು ಗುಜರಿಯಿಂದ ತಂದರೂ ಅಡ್ಡಿಯಿಲ್ಲ. ಬ್ರೇಕು ಮತ್ತು ಸ್ಟೇರಿಂಗಿನ ಸಾಮಾನು ಮಾತ್ರ ಹಳೆಯದೂ ಬೇಡ, ಡೂಪ್ಲಿಕೇಟೂ ಬೇಡ.

ಡಬ್ಬಿಯ ಅರ್ಥಶಾಸ್ತ್ರ

"ಇಷ್ಟಕ್ಕೆಲ್ಲ ದುಡ್ಡೆಲ್ಲಿ?" ಎಂಬ ಪ್ರಶ್ನೆ ನ್ಯಾಯವಾದದ್ದೇ. ಗುಂಡ್ಯದ ಘಟನೆಯ ಮೇಲೆ ನಮ್ಮ ಯಜಮಾನರು ಒಂದು ದಾರಿ ಕಂಡುಕೊಂಡಿದ್ದಾರೆ. ಲೋಡ್ ಮಾಡುವವನಿಗೆ ದಿನಗೂಲಿ, ಡ್ರೈವರ್ ಇಟ್ಟರೆ ಅವನಿಗೂ ದಿನಗೂಲಿ. ಎಲ್ಲರಿಗಿಂತ ಹೆಚ್ಚು ದುಡಿಯುವ ಗಾಡಿಗೆ ಮಾತ್ರ ಡೀಸೆಲ್ ಬಿಟ್ಟರೆ ಏನೂ ಇಲ್ಲ! ಈಗ ಗಾಡಿಗೂ ದಿನಕ್ಕೆ 150 ರೂಪಾಯಿ ಕೂಲಿ. ಓಡಿದ ದಿನ ಸಂಜೆ ಡಬ್ಬಿಗೆ ಬೀಳಲೇಬೇಕು. ತಿಂಗಳಿಗೆ 26 ದಿನ ಓಡಿದರೆ 3,900. ವರ್ಷಕ್ಕೆ 46,800. ಟೈರು, ಆಯಿಲು, ಲೈನರು, ಇನ್ಶೂರೆನ್ಸು, ಎಫ್.ಸಿ. ಎಲ್ಲಕ್ಕೂ ಅದೇ ಡಬ್ಬಿ. "ಹೆಂಡ್ತಿ ಕೈಲಿ ಬೀಗದ ಕೈ ಇದೆ. ನನ್ ಕೈಲಿದ್ರೆ ಉಳೀತಿರ್ಲಿಲ್ಲ" ಎಂದು ನಿಜ ಒಪ್ಪಿಕೊಂಡರು.

ಎಫ್.ಸಿ. ಎಂದಾಗ ನೆನಪಾಯಿತು. ಎಂಟು ವರ್ಷ ದಾಟಿದ ಸರಕು ಗಾಡಿಗೆ ವರ್ಷ ವರ್ಷವೂ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. 15 ವರ್ಷ ದಾಟಿದವಕ್ಕೆ 2022ರ ಏಪ್ರಿಲ್‌ನಿಂದ ಶುಲ್ಕ ಹಲವು ಪಟ್ಟು ಏರಿದೆ. ಹೋಗುವ ಮುನ್ನ ಅಂದಿನ ದರ ವಿಚಾರಿಸಿಕೊಳ್ಳಿ. ಹೊಗೆ ತಪಾಸಣೆಯ ಚೀಟಿ ಬಿ.ಎಸ್. 4ಕ್ಕಿಂತ ಹಳೆಯ ಗಾಡಿಗಳಿಗೆ ಆರೇ ತಿಂಗಳು. ಎಫ್.ಸಿ. ದಿನಕ್ಕೆಂದು ಬೇರೆಯವರ ಟೈರು ಎರವಲು ತಂದು ಹಾಕಿ, ಸಂಜೆ ಬಿಚ್ಚುವ ಪರಿಪಾಠ ನಮ್ಮಲ್ಲಿ ಯಾರಿಗೂ ಹೊಸದಲ್ಲ. ಇದರಲ್ಲಿ ಮೋಸ ಹೋಗುವವರು ಕಚೇರಿಯವರಲ್ಲ, ಆ ಗಾಡಿಯಲ್ಲಿ ಕೂರುವವರು.

ಡಬ್ಬಿ ಎರಡು ವರ್ಷ ಒಂದೇ ಸಮನೆ ಸಾಲದೆ ಹೋದರೆ? ಚಾಸಿಸ್ ತುಕ್ಕು ಹಿಡಿದು ಸೀಳಿದರೆ? ಆಗ ಮಮತೆ ಬಿಡಬೇಕು. ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೇ ಕೊಟ್ಟು, ಸರ್ಟಿಫಿಕೇಟ್ ಪಡೆದು, ಆರ್.ಸಿ. ರದ್ದು ಮಾಡಿಸಿ. ಬೀದಿ ಗುಜರಿಗೆ ಹಾಗೇ ಕೊಟ್ಟರೆ ಕಬ್ಬಿಣ ಹೋಗುತ್ತದೆ, ಹೆಸರು ಉಳಿಯುತ್ತದೆ.

ಅಂಗಡಿಯವರಿಗೆ ಒಂದು ಮಾತು

ಕೊನೆಯದಾಗಿ, ಈ ಅಂಕಣ ಓದುವ ಅಂಗಡಿ ಯಜಮಾನರಿಗೆ ಒಂದು ಅರಿಕೆ. "ಹೆಂಗೂ ಹೋಗ್ತಿದೀಯಲ್ಲ, ಇನ್ನೆರಡು ಮೂಟೆ ಹಾಕ್ಕೊಳಪ್ಪಾ" ಎನ್ನುವವರು ನಾವೇ ಅಲ್ಲವೇ? ಗುಂಡ್ಯದಲ್ಲಿ ಆ 22 ಮೂಟೆಯಲ್ಲಿ ಏಳು ಹೀಗೇ ಬಂದವು. ಹೆಚ್ಚು ಭಾರಕ್ಕೆ 194ನೇ ಕಲಮಿನಲ್ಲಿ 20,000 ರೂಪಾಯಿ ದಂಡ, ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000. ದಂಡ ಕಟ್ಟುವವನು ಅವನು, ಬಾಡಿಗೆ ಉಳಿಸಿಕೊಂಡವರು ನಾವು. ಬಸ್ಸಿಗೆ ಕಾಯುತ್ತಾ ರಸ್ತೆ ಬದಿ ನಿಲ್ಲುವವರು ನಮ್ಮ ಮನೆಯವರೇ ಆಗಿರಬಹುದು.

ಅಂದ ಹಾಗೆ, ಆ ದಿನ ಬೆಳಗ್ಗೆ ಗಾಡಿ ತಳ್ಳಬೇಕಾಗಿ ಬಂದದ್ದೇಕೆ? ಭಾಯ್ ನೋಡಿದರು. ಬ್ಯಾಟರಿ ಸತ್ತಿರಲಿಲ್ಲ, ಸೆಲ್ಫೂ ಕೆಟ್ಟಿರಲಿಲ್ಲ. ಟರ್ಮಿನಲ್ಲಿನ ಮೇಲೆ ಬಿಳಿ ಹೂ! ಒಂದು ಚೊಂಬು ಬಿಸಿನೀರು, ಹತ್ತು ನಿಮಿಷ. ಭಾಯ್ ಕಾಸು ತೆಗೆದುಕೊಳ್ಳಲಿಲ್ಲ. "ಡಬ್ಬಿಗೆ ದುಡ್ಡು ಹಾಕ್ತೀಯ ಸರಿ, ಗಾಡಿಗೆ ಕಣ್ಣೂ ಹಾಕಪ್ಪಾ" ಎಂದು ಬೈದು ಕಳಿಸಿದರು.

ಮರುದಿನ ಐದೂವರೆಗೆ ನಾವು ಅದೇ ಬಸ್ ನಿಲ್ದಾಣದಲ್ಲಿದ್ದೆವು. ಯಜಮಾನರು ಕೆಳಗೆ ಬಗ್ಗಿ ನೆಲ ನೋಡಿದರು, ಕಡ್ಡಿ ಎಳೆದು ಆಯಿಲ್ ನೋಡಿದರು, ಚಕ್ರದ ಒಳಮೈ ತಡವಿದರು. ಆಮೇಲೆ ಚಾವಿ ತಿರುಗಿಸಿದರು. ಒಂದೇ ಸೆಲ್ಫಿಗೆ ಎಂಜಿನ್ ಎದ್ದಿತು. ಹಿಂದೆ ಮೂಟೆ ಎಣಿಸಿದೆವು. ಹದಿನಾಲ್ಕೇ.